ಮನೆಯ ನಾಯಿಯ ಫೋಟೊ ಮಸುಕಾಗದಂತೆ ತೆಗೆಯುವುದು: ತಿನಿಸಿನಿಂದ ಹಿಡಿದು ಕ್ಲಿಕ್‌ವರೆಗೆ

ನಾಯಿ ಚೆಂದ ಕೂತಿದೆ ಎಂದು ಫೋನ್ ಎತ್ತುತ್ತೀರಿ, ಹೆಸರು ಹಿಡಿದು ಕರೆಯುತ್ತೀರಿ. ಅದು ಎದ್ದು ನೇರ ನಿಮ್ಮ ಹತ್ತಿರ ಬಂದು ಲೆನ್ಸಿಗೆ ಮೂಗು ತಾಗಿಸುತ್ತದೆ. ಮತ್ತೆ ಕೂರಿಸಿ ಮತ್ತೆ ಕರೆದರೆ ಈ ಸಲ ಮುಖ ಆಚೆ ತಿರುಗಿಸುತ್ತದೆ. ನಲವತ್ತು ಫೋಟೊ ತೆಗೆದರೂ ಕಣ್ಣು ಸ್ಪಷ್ಟವಾಗಿರುವ ಒಂದೂ ಸಿಗುವುದಿಲ್ಲ. ಫೋನ್ ಹಳೆಯದಾಯಿತು ಎಂದು ಹೊಸದು ಕೊಂಡವರಿಗೂ ಇದೇ ಗತಿ.

ಇಲ್ಲಿ ಹೆಚ್ಚಾಗಿ ತಪ್ಪುವುದು ಕೆಲಸದ ಕ್ರಮ. ಎಲ್ಲರೂ ಕ್ಯಾಮೆರಾದಿಂದ ಶುರು ಮಾಡುತ್ತಾರೆ, ಆಮೇಲೆ ನಾಯಿಯನ್ನು ಒಲಿಸಿಕೊಳ್ಳಲು ನೋಡುತ್ತಾರೆ, ಬೆಳಕಿನ ಕಡೆ ಗಮನವೇ ಹೋಗುವುದಿಲ್ಲ. ಇದನ್ನು ತಿರುಗಿಸಿ ಮಾಡಬೇಕು: ಮೊದಲು ತಿನಿಸು, ಆಮೇಲೆ ಬೆಳಕು, ಜಾಗ, ನಾಯಿಯ ಅಭ್ಯಾಸ, ಕೊನೆಗೆ ಕ್ಯಾಮೆರಾ.

## ಬೇಕಾದ ಸಾಮಾನು

- ಫೋನ್ ಅಥವಾ ಕ್ಯಾಮೆರಾ. ಕ್ಯಾಮೆರಾ ಇದ್ದವರಿಗೆ 50 ಎಂ.ಎಂ. ಎಫ್ 1.8 ಲೆನ್ಸ್ ಇದ್ದರೆ ಅನುಕೂಲ (ಎಫ್ ಅಂಕಿ ಕಡಿಮೆಯಾದಷ್ಟೂ ಲೆನ್ಸ್ ಹೆಚ್ಚು ತೆರೆಯುತ್ತದೆ). ಜೊತೆಗೆ ಬರುವ 18-55 ಲೆನ್ಸ್ 55ರಲ್ಲಿ ಎಫ್ 5.6ರಷ್ಟೇ ತೆರೆಯುತ್ತದೆ. ಎಫ್ 1.8 ಅದರ ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ.
- ಎರಡು ಹಳೆಯ ಬಿಳಿ ಪಂಚೆ, ಅಥವಾ ಒಂದು ಪಂಚೆ ಮತ್ತು ಒಂದು ಥರ್ಮಾಕೋಲ್ ಹಾಳೆ.
- ನಾಯಿ ಕೂರಲು ಜಾರದ ಚಾಪೆ ಅಥವಾ ಜಮಖಾನ. ಒಂದೇ ಬಣ್ಣದ್ದಾದರೆ ಉತ್ತಮ.
- ತಿನಿಸಿಗೆ ಸದ್ದು ಮಾಡದ ಡಬ್ಬಿ. ಸ್ಟೀಲ್ ಡಬ್ಬಿ ತೆರೆದ ಸದ್ದಿಗೇ ನಾಯಿ ಎದ್ದು ಬರುತ್ತದೆ.
- ಮನೆಯವರಲ್ಲಿ ಇನ್ನೊಬ್ಬರು. ಒಬ್ಬರೇ ತೆಗೆಯಬಹುದು, ಆದರೆ ಮೊದಲ ಕೆಲವು ಸಲಕ್ಕೆ ಇಬ್ಬರಿದ್ದರೆ ಅರ್ಧ ತೊಂದರೆ ತಪ್ಪುತ್ತದೆ.

## ಹಂತ 1: ಹಿಂದಿನ ದಿನವೇ ತಿನಿಸು ಮಾಡಿಡಿ

ಬಿಸ್ಕತ್ತು ಈ ಕೆಲಸಕ್ಕೆ ಆಗದು. ಅಗಿಯಲು ಹೊತ್ತು ಹಿಡಿಯುತ್ತದೆ, ಪುಡಿ ಕೆಳಗೆ ಬೀಳುತ್ತದೆ, ನಾಯಿ ತಲೆ ತಗ್ಗಿಸಿ ನೆಲ ಮೂಸುತ್ತಾ ನಿಲ್ಲುತ್ತದೆ. ಒಂದೇ ಗುಟುಕಿಗೆ ಹೋಗುವ, ವಾಸನೆ ಚೆನ್ನಾಗಿರುವ, ಕೈಗೆ ಅಂಟದ ಸಣ್ಣ ಚೂರು ಬೇಕು.

ಮೂಳೆಯಿಲ್ಲದ ಕೋಳಿಯ ಎದೆಭಾಗ 100 ಗ್ರಾಂ ತೆಗೆದುಕೊಳ್ಳಿ. ಹೆಬ್ಬೆರಳು ಗಾತ್ರದ ತುಂಡು ಮಾಡಿ, ಮುಳುಗುವಷ್ಟು ನೀರು ಹಾಕಿ ಕುದಿ ಬರಿಸಿ, ಉರಿ ಸಣ್ಣ ಮಾಡಿ 12 ನಿಮಿಷ ಬೇಯಿಸಿ. ಉಪ್ಪು, ಎಣ್ಣೆ, ಮಸಾಲೆ ಏನೂ ಬೇಡ. ದಪ್ಪ ತುಂಡೊಂದನ್ನು ಸೀಳಿ ನೋಡಿ. ನಡುವೆ ಗುಲಾಬಿ ಬಣ್ಣ ಉಳಿದಿದ್ದರೆ ಇನ್ನೂ ಮೂರು ನಿಮಿಷ ಬೇಯಲಿ. ಬಸಿದು, ಆರಿಸಿ, ಬಟಾಣಿ ಕಾಳಿನಷ್ಟು ಚೂರು ಮಾಡಿ. ಆಮೇಲೆ ಒಣ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಐದು ನಿಮಿಷ ಆಡಿಸಿ, ಮೇಲ್ಮೈ ಒಣಗಬೇಕು. ಈ ಕೊನೆಯ ಕೆಲಸವನ್ನು ಬಿಡುವವರೇ ಹೆಚ್ಚು. ಹಸಿ ಚೂರು ಹಿಡಿದ ಕೈಯಲ್ಲೇ ಫೋನ್ ಹಿಡಿದರೆ ಲೆನ್ಸಿನ ಮೇಲೆ ಜಿಡ್ಡು ಕೂತು ಎಲ್ಲ ಫೋಟೊಗಳೂ ಮಂಜಾಗುತ್ತವೆ. ಬಸಿದ ನೀರನ್ನು ಚೆಲ್ಲಬೇಡಿ, ರಾತ್ರಿ ಅದರ ಅನ್ನಕ್ಕೆ ಕಲಸಿ.

ಇಷ್ಟು ನಾಲ್ಕೈದು ಸಲಕ್ಕೆ ಸಾಕು. ಮೂರು ದಿನಕ್ಕೆ ಬೇಕಾದಷ್ಟನ್ನು ಫ್ರಿಜ್‌ನಲ್ಲಿಟ್ಟು ಉಳಿದದ್ದನ್ನು ಫ್ರೀಜರ್‌ಗೆ ಹಾಕಿ. ಮಾಂಸ ಮಾಡದ ಮನೆಯಲ್ಲಿ ಗೆಣಸು, ಸಿಹಿಗುಂಬಳ ಅಥವಾ ಕ್ಯಾರೆಟ್ ಹಬೆಯಲ್ಲಿ ಬೇಯಿಸಿ ಹೀಗೆಯೇ ಕಾವಲಿಯಲ್ಲಿ ಒಣಗಿಸಿ. ಗೆಣಸಿಗೆ ಒಲಿಯದ ನಾಯಿ ಅಪರೂಪ. ದಿನವೊಂದಕ್ಕೆ ಹೋಗುವ ಒಟ್ಟು ಆಹಾರದಲ್ಲಿ ತಿನಿಸಿನ ಪಾಲು ಹತ್ತನೇ ಒಂದು ಭಾಗ ಮೀರಬಾರದು. ಫೋಟೊ ತೆಗೆದ ದಿನ ಊಟದಲ್ಲಿ ಅಷ್ಟು ಕಡಿಮೆ ಮಾಡಿ.

ಕೊಡಲೇಬಾರದ್ದು. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಹಾಳು ಮಾಡುತ್ತವೆ. ಬೇಯಿಸಿದರೂ ಪುಡಿ ಮಾಡಿದರೂ ಅಷ್ಟೇ. ಹಾಗಾಗಿ ನಮಗಾಗಿ ಮಾಡಿದ ಸಾರು, ಪಲ್ಯ, ಕೋಳಿ ಸಾರಿನ ತುಂಡು ತೊಳೆದು ಕೊಡುವುದೂ ಬೇಡ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಹಾನಿ. ಕೇಸರಿಬಾತ್, ಪಾಯಸದಲ್ಲಿ ಅದು ಇರುವುದು ನೆನಪಿರಲಿ. ಚಾಕೊಲೇಟ್ ಪ್ರಾಣಕ್ಕೇ ಅಪಾಯ, ಸಕ್ಕರೆರಹಿತ ಚ್ಯೂಯಿಂಗ್ ಗಮ್‌ಗಳಲ್ಲಿ ಸಿಹಿಗೆ ಹಾಕುವ ಕ್ಸೈಲಿಟಾಲ್ ಕೂಡ ಅಷ್ಟೇ. ಬೆಂದ ಮೂಳೆ ಚೂಪಾಗಿ ಸೀಳಿ ಗಂಟಲು, ಕರುಳಿಗೆ ಚುಚ್ಚುತ್ತದೆ. ಇವುಗಳಲ್ಲಿ ಏನಾದರೂ ಹೊಟ್ಟೆಗೆ ಹೋಗಿದ್ದರೆ ಲಕ್ಷಣ ಕಾಣಲಿ ಎಂದು ಕಾಯದೆ ಪಶುವೈದ್ಯರಿಗೆ ಫೋನ್ ಮಾಡಿ. ವಾಂತಿ ಮಾಡಿಸಲು ಉಪ್ಪುನೀರು ಕುಡಿಸಬೇಡಿ, ಅದೇ ಇನ್ನೊಂದು ವಿಷವಾಗುತ್ತದೆ.

## ಹಂತ 2: ಕಿಟಕಿ ಹುಡುಕಿ

ಮನೆಯೊಳಗೆ ನಮ್ಮ ಕಣ್ಣಿಗೆ ಬೆಳಕು ಧಾರಾಳ ಅನಿಸುತ್ತದೆ. ಕ್ಯಾಮೆರಾಕ್ಕೆ ಅದು ಸಾಲದು. ಬೆಳಕು ಸಾಲದಿದ್ದಾಗ ಶಟರ್ ಹೆಚ್ಚು ಹೊತ್ತು ತೆರೆದಿರುತ್ತದೆ, ಅಷ್ಟರಲ್ಲಿ ನಾಯಿ ಒಮ್ಮೆ ಕಿವಿ ಕೊಡವಿರುತ್ತದೆ. ಮಸುಕಿನ ಮೂಲ ಇಷ್ಟೇ.

ಬೆಳಗ್ಗೆ 8ರಿಂದ 10ರ ನಡುವೆ ಮನೆಯ ಟ್ಯೂಬ್‌ಲೈಟ್‌ಗಳನ್ನೆಲ್ಲ ಆರಿಸಿ ಸುತ್ತಾಡಿ ನೋಡಿ. ನೇರ ಬಿಸಿಲು ಬೀಳದೆ, ಆದರೆ ಆಕಾಶ ಅಗಲವಾಗಿ ಕಾಣುವ ಕಿಟಕಿ ಅಥವಾ ಬಾಗಿಲು ಬೇಕು. ಉತ್ತರದ ಕಿಟಕಿ ವರ್ಷದ ಹೆಚ್ಚು ಕಾಲ ಇಂಥ ಮೆದು ಬೆಳಕು ಕೊಡುತ್ತದೆ. ಜೂನ್ ಆಸುಪಾಸಿನಲ್ಲಿ ಸೂರ್ಯ ಉತ್ತರಕ್ಕೆ ವಾಲಿರುವುದರಿಂದ ಬೆಳಗಿನ ಓರೆ ಬಿಸಿಲು ಅಲ್ಲಿಗೂ ಬರಬಹುದು. ಬಿಸಿಲು ಬೀಳುವ ಕಿಟಕಿಯೇ ಇರುವುದಾದರೆ ಬಿಳಿ ಪಂಚೆಯನ್ನು ಒಂದೇ ಪದರವಾಗಿ ಕಟ್ಟಿ. ಚೂಪು ನೆರಳು ಕರಗಿ ಬೆಳಕು ಹರಡುತ್ತದೆ. ಜಗಲಿ ಇರುವ ಮನೆಯಾದರೆ ಹುಡುಕುವ ಕೆಲಸವೇ ಇಲ್ಲ. ಜಗಲಿಯ ಅಂಚಿನಿಂದ ಎರಡು ಮೂರು ಅಡಿ ಒಳಗೆ, ನೆರಳಿನಲ್ಲಿ, ಆಕಾಶಕ್ಕೆ ಮುಖ ಮಾಡಿ ನಾಯಿಯನ್ನು ಕೂರಿಸಿದರೆ ಸ್ಟುಡಿಯೊದ ಬೆಳಕು ಸಿಕ್ಕಂತೆ.

ಟ್ಯೂಬ್‌ಲೈಟ್ ಆರಿಸಿ ಎಂದದ್ದಕ್ಕೆ ಕಾರಣವಿದೆ. ನಮ್ಮ ಕರೆಂಟು 50 ಹರ್ಟ್ಜ್. ಅದರಲ್ಲಿ ಉರಿಯುವ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಅದು ಗೊತ್ತಾಗದು, ಆದರೆ ಶಟರ್ ವೇಗ 1/100 (ಸೆಕೆಂಡಿನ ನೂರರಲ್ಲಿ ಒಂದು ಭಾಗ) ದಾಟಿದರೆ ಫೋಟೊದಲ್ಲಿ ಅಡ್ಡ ಪಟ್ಟೆಗಳು ಕಾಣಿಸಿಕೊಳ್ಳಬಹುದು. ಅಗ್ಗದ ಎಲ್‌ಇಡಿ ಬಲ್ಬಿನಲ್ಲಿ ಈ ಕಾಟ ಇನ್ನೂ ಹೆಚ್ಚು. ಪಟ್ಟೆ ತಪ್ಪಿಸಲು 1/100ಕ್ಕೆ ಇಳಿಸಿದರೆ ನಾಯಿ ಮಸುಕು. ಜೊತೆಗೆ ದೀಪದ ಬೆಳಕಿಗೂ ಕಿಟಕಿಯ ಬೆಳಕಿಗೂ ಬಣ್ಣ ಬೇರೆಯಾಗಿ, ಮುಖದ ಒಂದು ಕಡೆ ಹಳದಿ, ಇನ್ನೊಂದು ಕಡೆ ನೀಲಿ ಛಾಯೆ ಬರುತ್ತದೆ.

ಫ್ಲಾಶ್ ಬೇಡವೇ ಬೇಡ. ನಾಯಿಯ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಹಿಂದಕ್ಕೆ ಹೊಡೆಯುವ ಪದರ ಇದೆ. ಹಸಿರಾಗಿ, ಹಳದಿಯಾಗಿ ಕಣ್ಣು ಉರಿಯುವಂತೆ ಕಾಣುವುದು ಅದರಿಂದ. ಎಡಿಟ್ ಮಾಡಿ ಅದನ್ನು ಸರಿಪಡಿಸಿದ ಕಣ್ಣು ಗೊಂಬೆಯ ಕಣ್ಣಿನಂತೆ ಕಾಣುತ್ತದೆ.

## ಹಂತ 3: ಜಾಗ ಸಿದ್ಧ ಮಾಡಿ

ಚಾಪೆಯನ್ನು ಕಿಟಕಿಯಿಂದ ಮೂರು ನಾಲ್ಕು ಅಡಿ ದೂರ ಹಾಕಿ. ಬೆಳಕು ನಾಯಿಯ ಮುಖಕ್ಕೆ ಓರೆಯಾಗಿ, ಒಂದು ಪಕ್ಕದಿಂದ ಬೀಳಬೇಕು. ನೀವು ಕಿಟಕಿಯ ಪಕ್ಕದಲ್ಲಿರಬೇಕು, ಎದುರಿಗಲ್ಲ. ನಾಯಿಯ ಬೆನ್ನಿಗೆ ಕಿಟಕಿ ಬಂದರೆ ಅದರ ಮುಖ ಕಪ್ಪಾಗುತ್ತದೆ. ಮನೆಯಲ್ಲಿ ತೆಗೆದ ಫೋಟೊಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ.

ಮುಖದ ನೆರಳಿನ ಬದಿಗೆ ಎರಡನೇ ಪಂಚೆಯನ್ನು ಕುರ್ಚಿಯ ಬೆನ್ನಿಗೆ ಹರಡಿ, ಅಥವಾ ಥರ್ಮಾಕೋಲ್ ಹಾಳೆ ಒರಗಿಸಿ. ಎರಡಡಿ ದೂರದಲ್ಲಿದ್ದರೆ ನೆರಳಿನ ಕಣ್ಣಿಗೂ ಸ್ವಲ್ಪ ಬೆಳಕು ಹೋಗುತ್ತದೆ.

ನಾಯಿಯ ಹಿಂದಿನ ಗೋಡೆ ನಾಲ್ಕೈದು ಅಡಿಯಾದರೂ ದೂರ ಇರಲಿ. ಚಾರ್ಜರ್ ವೈರು, ಚಪ್ಪಲಿ, ಪೊರಕೆ, ಕ್ಯಾಲೆಂಡರ್ ತೆಗೆದಿಡಿ. ತಲೆಯ ಹಿಂದೆ ಬಾಗಿಲ ಚೌಕಟ್ಟು ಬಂದರೆ ಕಿವಿಯಿಂದ ಕಂಬ ಎದ್ದಂತಿರುತ್ತದೆ. ನೆಲದ ಬಣ್ಣವನ್ನೂ ಗಮನಿಸಿ. ಹಳೆಯ ಮನೆಗಳ ಕೆಂಪು ರೆಡ್ ಆಕ್ಸೈಡ್ ನೆಲದ ಮೇಲೆ ಬಿಳಿ ನಾಯಿ ಕೂತರೆ ಅದರ ಗಲ್ಲ, ಎದೆಯೆಲ್ಲ ಕೆಂಪಗೆ ಕಾಣುತ್ತವೆ. ಚಾಪೆ ಹಾಕಿ ಎಂದದ್ದು ಇದಕ್ಕೂ ಸೇರಿ.

## ಹಂತ 4: ನಾಯಿಗೆ ಕ್ಯಾಮೆರಾ ಪರಿಚಯಿಸಿ

ಇದಕ್ಕೆ ಎರಡು ಮೂರು ದಿನ ಕೊಡಿ. ಇಡೀ ಕೆಲಸದಲ್ಲಿ ತಾಳ್ಮೆ ಬೇಕಾಗುವ ಹಂತ ಇದೊಂದೇ, ಜನ ಹಾರಿಸಿಬಿಡುವುದೂ ಇದನ್ನೇ.

ಮೊದಲ ದಿನ ಫೋನನ್ನು ಚಾಪೆಯ ಹತ್ತಿರ ನೆಲದ ಮೇಲಿಡಿ. ನಾಯಿ ಮೂಸಿ ನೋಡಲಿ, ನೋಡಿದ ಕೂಡಲೇ ಒಂದು ಚೂರು ಕೊಡಿ. ಹತ್ತು ಸಲ ಹೀಗೆ ಮಾಡಿ ಬಿಟ್ಟುಬಿಡಿ. ಎರಡನೆಯ ದಿನ ಚಾಪೆಯ ಮೇಲೆ ಕೂರಲು ಹೇಳಿ. ‘ಕೂತ್ಕೋ’, ‘ಇರು’ ಎಂಬ ಎರಡು ಮಾತು ಸಾಕು. ಮನೆಯವರೆಲ್ಲ ಅದನ್ನೇ ಹೇಳಬೇಕು. ಒಬ್ಬರು ‘ಸಿಟ್’, ಇನ್ನೊಬ್ಬರು ‘ಕೂರು ಮಗಾ’ ಎಂದರೆ ಅದಕ್ಕೆ ಏನು ತಿಳಿಯಬೇಕು? ಫೋನನ್ನು ಅದರ ಮುಖದಿಂದ ಐದಾರು ಅಡಿ ದೂರದಲ್ಲಿ ಎತ್ತಿ ಹಿಡಿಯಿರಿ, ಎರಡು ಸೆಕೆಂಡು ಕೂತಿದ್ದರೆ ಚೂರು ಕೊಡಿ, ಫೋನ್ ಇಳಿಸಿ. ಎರಡನ್ನು ಐದು ಮಾಡಿ, ಐದನ್ನು ಹತ್ತು ಮಾಡಿ. ಮೂರನೆಯ ದಿನ ಕ್ಲಿಕ್ ಸದ್ದನ್ನು ಸೇರಿಸಿ: ಕ್ಲಿಕ್, ಚೂರು. ಕ್ಲಿಕ್, ಚೂರು. ಕ್ಲಿಕ್ ಆದ ಮೇಲೆ ಏನೋ ಬರುತ್ತದೆ ಎಂದು ಗೊತ್ತಾದ ನಾಯಿ ತಾನಾಗಿ ಲೆನ್ಸಿನ ಕಡೆ ನೋಡತೊಡಗುತ್ತದೆ.

ಚೂರನ್ನು ಚಾಪೆಯ ಮೇಲೆ, ಅದು ಕೂತಲ್ಲಿಗೇ ತಲುಪಿಸಿ. ನಿಮ್ಮ ಹತ್ತಿರ ಕರೆದು ಕೊಟ್ಟರೆ ಎದ್ದು ಬರುವುದನ್ನೇ ಕಲಿಸಿದಂತಾಯಿತು. ಹೆಂಗೆ ಕರೆದರೂ ಫೋನಿನ ಮೇಲೆ ಬಂದು ಬೀಳುತ್ತದೆ ಎಂದು ದೂರುವ ಮನೆಗಳಲ್ಲಿ ಆಗಿರುವುದು ಇದೇ.

## ಹಂತ 5: ಈಗ ಕ್ಯಾಮೆರಾ

ಲೆನ್ಸನ್ನು ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿ. ಅಡುಗೆಮನೆಯಲ್ಲಿ ಓಡಾಡುವ ಫೋನಿನ ಮೇಲೆ ಒಗ್ಗರಣೆಯ ಜಿಡ್ಡು ಇದ್ದೇ ಇರುತ್ತದೆ.

ಫೋನಿನಲ್ಲಿ. ನೈಟ್ ಮೋಡ್ ಆಫ್ ಮಾಡಿ. ಅದು ಹಲವು ಫೋಟೊಗಳನ್ನು ಒಂದರ ಮೇಲೊಂದು ಸೇರಿಸುತ್ತದೆ, ನಡುವೆ ನಾಯಿ ಅಲುಗಿದರೆ ಎರಡು ಮೂಗು ಕಾಣುತ್ತವೆ. ಪೋರ್ಟ್ರೇಟ್ ಮೋಡ್ ಕೂಡ ಬೇಡ, ಮೀಸೆಯ ಕೂದಲು, ಕಿವಿಯ ಅಂಚು ಕತ್ತರಿಸಿದಂತಾಗುತ್ತದೆ. 2ಎಕ್ಸ್ ಇದ್ದರೆ ಅದನ್ನು ಬಳಸಿ, ಸ್ವಲ್ಪ ಹಿಂದೆ ಸರಿಯಿರಿ. 1ಎಕ್ಸ್‌ನಲ್ಲಿ ಒಂದಡಿ ಹತ್ತಿರದಿಂದ ತೆಗೆದರೆ ಮೂಗು ಬದನೆಕಾಯಿಯಷ್ಟು ದೊಡ್ಡದಾಗಿ ಹಿಂದಿನ ತಲೆ ಕುಗ್ಗುತ್ತದೆ. ಪರದೆಯಲ್ಲಿ ಹತ್ತಿರದ ಕಣ್ಣಿನ ಮೇಲೆ ಬೆರಳಿಟ್ಟು ಫೋಕಸ್ ಮಾಡಿ. ಒತ್ತಿ ಹಿಡಿದರೆ ಫೋಕಸ್ ಲಾಕ್ ಆಗುತ್ತದೆ, ಆದರೆ ಕೂತ ನಾಯಿಗೆ ಮಾತ್ರ ಲಾಕ್ ಮಾಡಿ. ಅದು ಒಂದು ಹೆಜ್ಜೆ ಮುಂದೆ ಬಂದರೂ ಲಾಕ್ ಬಿಡಿಸಿ ಮತ್ತೆ ಮಾಡಬೇಕು. ಪ್ರೊ ಮೋಡ್ ಇದ್ದರೆ ಶಟರ್ 1/250 ಇಟ್ಟು ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯ ಅಳತೆ) ಆಟೊಗೆ ಬಿಡಿ.

ಕ್ಯಾಮೆರಾದಲ್ಲಿ. ಮ್ಯಾನುಯಲ್ ಮೋಡ್, ಐಎಸ್‌ಒ ಆಟೊ, ಗರಿಷ್ಠ 3200. ಕೂತ ನಾಯಿಗೆ ಶಟರ್ 1/250, ನಡೆಯುವುದಕ್ಕೆ 1/500, ಅಂಗಳದಲ್ಲಿ ಓಡುವುದಕ್ಕೆ 1/1000ಕ್ಕಿಂತ ಹೆಚ್ಚು. ಓಡುವುದು ಮುಧೋಳ ನಾಯಿಯಾದರೆ 1/2000 ಇಡಿ. ಅಪರ್ಚರ್ (ಬೆಳಕು ಒಳಗೆ ಬರುವ ಲೆನ್ಸಿನ ಕಿಂಡಿ) ಎಫ್ 1.8 ಇದೆ ಎಂದು ಪೂರ್ತಿ ತೆರೆಯಬೇಡಿ. ಹತ್ತಿರದಿಂದ ತೆಗೆಯುವಾಗ ಸ್ಪಷ್ಟವಾಗಿ ಬರುವ ಆಳ ಒಂದೆರಡು ಇಂಚಷ್ಟೇ, ಮುಧೋಳದಂಥ ಉದ್ದ ಮೂತಿಯ ನಾಯಿಯಲ್ಲಿ ಮೂಗು ಸ್ಪಷ್ಟ, ಕಣ್ಣು ಮಸುಕು. ಎಫ್ 2.8ರಿಂದ 4ರ ನಡುವೆ ಇಡಿ. ಪಗ್‌ನಂಥ ಚಪ್ಪಟೆ ಮುಖಕ್ಕೆ 2.8 ಸಾಕು. ಫೋಕಸ್ ನಿರಂತರ ಮೋಡ್‌ನಲ್ಲಿರಲಿ. ಪ್ರಾಣಿಗಳ ಕಣ್ಣು ಹಿಡಿಯುವ ಸೌಲಭ್ಯ ಇದ್ದರೆ ಚಾಲೂ ಮಾಡಿ, ಇಲ್ಲದಿದ್ದರೆ ಒಂದೇ ಫೋಕಸ್ ಬಿಂದುವನ್ನು ಕಣ್ಣಿನ ಮೇಲಿಡಿ. ಐಎಸ್‌ಒ ಏರಿದರೆ ಚಿತ್ರದಲ್ಲಿ ರವೆ ರವೆ ಬರುತ್ತದೆ ಎಂದು ಹೆದರಿ ಶಟರ್ ನಿಧಾನ ಮಾಡುವವರಿದ್ದಾರೆ. ರವೆಯನ್ನು ಆಮೇಲೆ ತಗ್ಗಿಸಬಹುದು. ಅಲುಗಿ ಮಸುಕಾದ ಕಣ್ಣಿಗೆ ಮದ್ದಿಲ್ಲ.

ಕರಿ ನಾಯಿ, ಬಿಳಿ ನಾಯಿ. ಕ್ಯಾಮೆರಾ ತನ್ನ ಕಣ್ಣಿಗೆ ಬಿದ್ದದ್ದನ್ನೆಲ್ಲ ಮಧ್ಯಮ ಬೂದು ಬಣ್ಣಕ್ಕೆ ಎಳೆಯಲು ನೋಡುತ್ತದೆ. ಕರಿ ನಾಯಿಯ ಮುಖ ಚೌಕಟ್ಟು ತುಂಬಿದ್ದರೆ ಬೆಳಕು ಏರಿಸಿ ಅದನ್ನು ಬೂದಿಯಂತೆ ಮಾಡುತ್ತದೆ, ಆಗ ಎಕ್ಸ್‌ಪೋಶರ್ ಅರ್ಧದಿಂದ ಒಂದು ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ). ಅದೇ ಕರಿ ನಾಯಿ ಬಿಳಿ ಗೋಡೆಯ ಮುಂದೆ ಸಣ್ಣದಾಗಿ ಕಂಡರೆ ಕ್ಯಾಮೆರಾ ಗೋಡೆಯನ್ನು ನೋಡಿ ಕತ್ತಲು ಮಾಡುತ್ತದೆ, ನಾಯಿ ಇದ್ದಿಲ ತುಂಡಾಗುತ್ತದೆ. ಆಗ ಏರಿಸಬೇಕು. ಚೌಕಟ್ಟು ತುಂಬಿದ ಬಿಳಿ ನಾಯಿಗೂ ಏರಿಸಬೇಕು, ಇಲ್ಲವಾದರೆ ಕೊಳೆಯಾದ ಬಟ್ಟೆಯಂತೆ ಕಾಣುತ್ತದೆ. ಫೋನಿನಲ್ಲಿ ಕಣ್ಣಿನ ಮೇಲೆ ಒತ್ತಿದಾಗ ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಎಳೆದರೆ ಇದೇ ಕೆಲಸ ಆಗುತ್ತದೆ. ಕರಿ ನಾಯಿಗೆ ಪಕ್ಕದ ಬೆಳಕು ಇನ್ನೂ ಮುಖ್ಯ, ಕೂದಲಿನ ಹೊಳಪಿನಿಂದಲೇ ಮುಖದ ಆಕಾರ ಕಾಣಬೇಕು.

## ಹಂತ 6: ತೆಗೆಯುವ ಐದು ನಿಮಿಷ

ಹೊತ್ತು ಸರಿಯಾಗಿರಲಿ. ಊಟವಾಗಿ ಎರಡು ಗಂಟೆ ಕಳೆದಿರಬೇಕು, ಇಲ್ಲದಿದ್ದರೆ ಚೂರಿನ ಮೇಲೆ ಆಸೆ ಇರದು. ವಾಕಿಂಗ್ ಮುಗಿಸಿ ಅರ್ಧ ಗಂಟೆ ವಿಶ್ರಾಂತಿ ಆಗಿರಲಿ. ಆಗ ನಾಲಿಗೆ ಒಳಗಿರುತ್ತದೆ, ಮೈ ಹಗುರವಾಗಿರುತ್ತದೆ.

1. ಕಣ್ಣಿನ ಗೀಜು ಒದ್ದೆ ಹತ್ತಿಯಿಂದ ಒರೆಸಿ. ಕೊರಳ ಪಟ್ಟಿಯ ಬಿಲ್ಲೆ ನೇರ ಮಾಡಿ.
2. ನೀವು ನೆಲಕ್ಕೆ ಇಳಿಯಿರಿ. ಲೆನ್ಸ್ ನಾಯಿಯ ಕಣ್ಣಿನ ಎತ್ತರದಲ್ಲಿರಬೇಕು. ಸಣ್ಣ ನಾಯಿಗೆ ಫೋನನ್ನು ತಲೆಕೆಳಗಾಗಿ ಹಿಡಿದರೆ ಲೆನ್ಸ್ ನೆಲದ ಹತ್ತಿರ ಬರುತ್ತದೆ.
3. ಸಹಾಯಕರು ನಿಮ್ಮ ಬೆನ್ನ ಹಿಂದೆ, ಚೂರನ್ನು ಲೆನ್ಸಿನ ಸ್ವಲ್ಪ ಮೇಲೆ ಹಿಡಿದು ನಿಲ್ಲಲಿ. ಕೈ ತೀರಾ ಎತ್ತರಿಸಿದರೆ ನಾಯಿ ಕತ್ತು ಚಾಚಿ ಏಳುತ್ತದೆ.
4. ಫೋಕಸ್ ಮಾಡಿ ಮುಗಿಸಿ. ಆಮೇಲಷ್ಟೇ ಸದ್ದು. ಹೆಸರು ಕರೆಯಬೇಡಿ, ಹೆಸರೆಂದರೆ ‘ಬಾ’ ಎಂದೇ ಅದಕ್ಕೆ ಅರ್ಥ. ಕೀ ಗೊಂಚಲು, ಕಾಗದದ ಸರಸರ, ನಾಲಿಗೆಯ ಲೊಚಗುಟ್ಟುವಿಕೆ, ಯಾವುದಾದರೂ ಒಂದು, ಒಂದೇ ಸಲ.
5. ಕಿವಿ ಎದ್ದ ಕ್ಷಣ ಬರ್ಸ್ಟ್‌ನಲ್ಲಿ, ಅಂದರೆ ಒಂದರ ಹಿಂದೊಂದು ಬಿಡದೆ, ಐದಾರು ಫೋಟೊ. ಚೂರು ಕೊಡಿ. ಮತ್ತೆ ಮೊದಲಿಂದ.

ಒಂದೇ ಸದ್ದು ಎರಡು ಮೂರು ಸಲಕ್ಕೆ ಹಳತಾಗುತ್ತದೆ, ಬದಲಿಸಿ. ಐದು ನಿಮಿಷ ಆಯಿತೋ, ನಿಲ್ಲಿಸಿ. ಚೆನ್ನಾಗಿ ಕೂತಿದೆ, ಇನ್ನೊಂದು ತೆಗೆಯೋಣ ಎಂಬ ಆಸೆಗೆ ಬಿದ್ದರೆ ನಾಳೆ ಚಾಪೆ ನೋಡಿದರೇ ಅದು ಆಚೆ ಹೋಗುತ್ತದೆ.

## ನಿಲ್ಲಿಸಬೇಕಾದ ಸೂಚನೆಗಳು

ನಾಯಿ ಬೇಸರವನ್ನು ಬೊಗಳಿ ಹೇಳುವುದಕ್ಕೆ ಮುಂಚೆ ಮೈಯಿಂದ ಹೇಳುತ್ತದೆ. ತಿನಿಸು ಇಲ್ಲದಾಗಲೂ ಮೂಗು ನೆಕ್ಕಿಕೊಳ್ಳುವುದು, ನಿದ್ದೆ ಇಲ್ಲದೆ ಆಕಳಿಸುವುದು, ಮುಖ ಪಕ್ಕಕ್ಕೆ ತಿರುಗಿಸುವುದು ಮೊದಲ ಸೂಚನೆಗಳು. ಕ್ಯಾಮೆರಾ ಇಳಿಸಿ, ಆಟವಾಡಿಸಿ ಬಿಡಿ. ಕಿವಿ ತಲೆಗೆ ಅಂಟಿದ್ದರೆ, ಬಾಲ ಕಾಲ ಸಂದಿಗೆ ಹೋಗಿದ್ದರೆ, ಓರೆಗಣ್ಣಿನಲ್ಲಿ ನೋಡುತ್ತಾ ಕಣ್ಣಿನ ಬಿಳಿ ಅರ್ಧಚಂದ್ರದಂತೆ ಕಾಣುತ್ತಿದ್ದರೆ, ಮೈ ಬಿಗಿದು ಅಲುಗದೆ ನಿಂತಿದ್ದರೆ ಅದು ಹೆದರಿದೆ. ಮುಂದಿನದು ಗುರ್ ಎನ್ನುವುದು, ಅದರ ಮುಂದಿನದು ಕಚ್ಚುವುದು. ಮಕ್ಕಳನ್ನು ನಾಯಿಯ ಕೊರಳಿಗೆ ಜೋತುಬೀಳಿಸಿ ತೆಗೆಯುವ ಫೋಟೊಗಳಲ್ಲಿ ಈ ಓರೆಗಣ್ಣು ಎಷ್ಟೋ ಸಲ ಎದ್ದು ಕಾಣುತ್ತದೆ. ಮಗು ಪಕ್ಕದಲ್ಲಿ ಕೂರಲಿ, ಅಪ್ಪಿಕೊಳ್ಳುವುದು ಬೇಡ, ದೊಡ್ಡವರೊಬ್ಬರು ಕೈಗೆಟುಕುವಷ್ಟು ಹತ್ತಿರ ಇರಲಿ.

ಬೇಸಿಗೆಯಲ್ಲಿ ಟೆರೇಸಿನ ಮೇಲೆ ತೆಗೆಯುವ ಆಸೆ ಇದ್ದರೆ ಮೊದಲು ಅಂಗೈಯ ಹಿಂಭಾಗವನ್ನು ನೆಲಕ್ಕೆ ಇಟ್ಟು ನೋಡಿ. ಏಳು ಸೆಕೆಂಡು ಇಡಲು ನಿಮಗೆ ಆಗದಿದ್ದರೆ ಅದರ ಪಾದಕ್ಕೂ ಆಗದು.

## ಹಂತ 7: ಕೆಟ್ಟ ಫೋಟೊವನ್ನು ಅಳಿಸುವ ಮುಂಚೆ ಓದಿ

ಪರದೆಯಲ್ಲಿ ಕಣ್ಣಿನ ಜಾಗವನ್ನು ಪೂರ್ತಿ ಹಿಗ್ಗಿಸಿ ನೋಡಿ. ಯಾವ ತಪ್ಪು ಎಂಬುದು ಅಲ್ಲೇ ಬರೆದಿರುತ್ತದೆ.

- ನಾಯಿಯೂ ಚಾಪೆಯೂ ಗೋಡೆಯೂ ಮಸುಕು: ನಿಮ್ಮ ಕೈ ಅಲುಗಿದೆ. ಮೊಣಕೈಯನ್ನು ನೆಲಕ್ಕೂರಿ.
- ಚಾಪೆಯ ಎಳೆ ಸ್ಪಷ್ಟ, ನಾಯಿ ಮಾತ್ರ ಮಸುಕು: ಶಟರ್ ನಿಧಾನ. ಕಿಟಕಿಗೆ ಒಂದಡಿ ಹತ್ತಿರ ಸರಿಸಿ, ಆಮೇಲೆ ಐಎಸ್‌ಒ ಏರಿಸಿ.
- ಮೂಗು ಸ್ಪಷ್ಟ, ಕಣ್ಣು ಮಸುಕು: ಫೋಕಸ್ ಮೂಗಿಗೆ ಬಿದ್ದಿದೆ, ಅಥವಾ ಅಪರ್ಚರ್ ತೀರಾ ತೆರೆದಿದೆ.
- ಎಲ್ಲದರ ಮೇಲೂ ಹಾಲಿನಂಥ ಮಂಜು, ಕಿಟಕಿಯ ಸುತ್ತ ಪ್ರಭೆ: ಲೆನ್ಸಿನ ಮೇಲೆ ಜಿಡ್ಡು.
- ಅಡ್ಡ ಪಟ್ಟೆ: ಎಲ್ಲೋ ದೀಪ ಉರಿಯುತ್ತಿದೆ.
- ಎಲ್ಲ ಸರಿ, ಆದರೂ ಮುಖಕ್ಕೆ ಜೀವ ಇಲ್ಲ: ಕಣ್ಣಿನಲ್ಲಿ ಕಿಟಕಿಯ ಬಿಳಿ ಚುಕ್ಕೆ ಇದೆಯೇ ನೋಡಿ. ಇರದಿದ್ದರೆ ನಾಯಿಯ ಮುಖವನ್ನು ಕಿಟಕಿಯ ಕಡೆ ಸ್ವಲ್ಪ ತಿರುಗಿಸಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗದು.

## ಹಂತ 8: ಕಳಿಸುವುದು, ಪ್ರಿಂಟ್ ಹಾಕಿಸುವುದು

ಎಡಿಟಿಂಗ್‌ನಲ್ಲಿ ನೆರಳನ್ನು ಸ್ವಲ್ಪ ಏರಿಸಿ, ಅಂಚು ಕತ್ತರಿಸಿ, ಅಷ್ಟು ಸಾಕು. ಕಿವಿ ತುದಿ ಮತ್ತು ಪಂಜಗಳನ್ನು ಅರ್ಧಕ್ಕೆ ಕತ್ತರಿಸಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ಫೋಟೊ ಆಗಿ ಕಳಿಸಿದರೆ ಅದು ಕುಗ್ಗುತ್ತದೆ. ಪ್ರಿಂಟ್ ಹಾಕಿಸುವವರಿಗೆ ಡಾಕ್ಯುಮೆಂಟ್ ಆಗಿ ಕಳಿಸಿ. ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ 4×6 ಇಂಚಿನ ಪ್ರಿಂಟಿಗೆ 1200×1800 ಪಿಕ್ಸೆಲ್, 8×10 ಇಂಚಿಗೆ 2400×3000 ಪಿಕ್ಸೆಲ್ ಬೇಕು. ಕತ್ತರಿಸಿದ ಮೇಲೆ ಉಳಿದಿರುವುದು ಎಷ್ಟು ಎಂದು ಫೋಟೊದ ವಿವರದಲ್ಲಿ ನೋಡಿಕೊಂಡು ಅಂಗಡಿಗೆ ಹೋಗಿ. ಕರಿ ನಾಯಿಯ ಫೋಟೊ ಕಾಗದದ ಮೇಲೆ ಪರದೆಗಿಂತ ಕತ್ತಲಾಗಿಯೇ ಬರುತ್ತದೆ, ಮೊದಲು ಒಂದು ಸಣ್ಣ ಪ್ರತಿ ಹಾಕಿಸಿ, ಕಣ್ಣು ಕಾಣುತ್ತಿದೆ ಎಂದಾದ ಮೇಲೆ ದೊಡ್ಡದಕ್ಕೆ ಹೇಳಿ.